ಭಾವನವರೂ ಒಣ ಎಲೆಯಂಥ ಪತಂಗವೂ

ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ನಮ್ಮ ಅಕ್ಕನ ಮನೆಗೆ ನಡೆದು ಹೋದರೆ ಕಾಲು ಗಂಟೆಯ ದಾರಿ. ಆದರೆ ನಮ್ಮ ಭಾವನ ಜೊತೆ ನಡೆಯುವುದಾದರೆ, ಅದಕ್ಕಿಂತ ನಮ್ಮೂರು ಹಿರಿಯೂರಿಗೆ ವಾಪಸ್ ನಡೆದುಹೋಗುವುದೇ ಬೇಗ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಒಂದು ಸಲ ಅಕ್ಕನಿಗೆ ಇಷ್ಟ ಅಂತ ಬಸ್ ಸ್ಟ್ಯಾಂಡಿನ ಹತ್ತಿರವೇ ಬಿಸಿಬಿಸಿ ಮಿರ್ಚಿ ಕಟ್ಟಿಸಿಕೊಂಡಿದ್ದೆ. ಕರೆದುಕೊಂಡು ಹೋಗಲು ಭಾವ ಬಂದಿದ್ದರು. ನಾವಿಬ್ಬರೂ ಮನೆ ಮುಟ್ಟಿದಾಗ ಅಕ್ಕ ಪೊಟ್ಟಣ ಬಿಚ್ಚಿ, ಮಿರ್ಚಿಯನ್ನು ಬೆರಳಿನಿಂದ ಒತ್ತಿ ನೋಡಿ, "ನಿನ್ನೆ ಕರಿದದ್ದೇನೇ?" ಎಂದಳು.

ಕಾರಣ ಇಷ್ಟೇ. ದಾರಿಯಲ್ಲಿ ಮರಗಳಿದ್ದವು.

ಭಾವನವರು ಮರ ಕಂಡರೆ ನಿಲ್ಲುತ್ತಾರೆ. ಹುಣಸೆಯೋ ಬೇವೋ ಹೊಂಗೆಯೋ, ಜಾತಿಭೇದವಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ತೊಗಟೆಗೆ ತಾಗುವಷ್ಟು ಹತ್ತಿರ ಹೋಗಿ, ಮರದ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕುತ್ತಾರೆ. ನೋಡಿದವರು ಹರಕೆ ಇರಬೇಕು ಅಂದುಕೊಳ್ಳುತ್ತಾರೆ. ಒಮ್ಮೆ ಒಬ್ಬ ಪೊಲೀಸಿನವನು ಬೇರೆಯೇ ಅನುಮಾನದಿಂದ ಹತ್ತಿರ ಬಂದನಂತೆ. ಇವರ ಎರಡೂ ಕೈ ಬೆನ್ನ ಹಿಂದೆಯೇ ಇರುವುದನ್ನು ನೋಡಿ ಸಮಾಧಾನಪಟ್ಟುಕೊಂಡು ಹೋದನಂತೆ.

ಅವರು ಹುಡುಕುವುದು ಪತಂಗವನ್ನು. ರಾತ್ರಿಯೆಲ್ಲ ತಿರುಗಾಡಿ ಹಗಲು ಎಲ್ಲೋ ಅಂಟಿಕೊಂಡು ಮಲಗುವ ಹುಳ. ಚಿಟ್ಟೆ ಅಂದುಬಿಟ್ಟೀರಿ, ಜೋಕೆ. ನಾನೊಮ್ಮೆ ಚಿಟ್ಟೆ ಎಂದು ಬಾಯಿತಪ್ಪಿ ಹೇಳಿ, ಊಟದ ಎಲೆಯ ಮುಂದೆ ಕೂತುಕೊಂಡೇ ಎರಡಕ್ಕೂ ಇರುವ ವ್ಯತ್ಯಾಸವನ್ನು ಪೂರ್ತಿ ಕೇಳಬೇಕಾಯಿತು. ಅಷ್ಟರಲ್ಲಿ ಸಾರು ತಣ್ಣಗಾಗಿ, ಎಲೆಯ ತುದಿಯಲ್ಲಿದ್ದ ಹಪ್ಪಳ ಮೆತ್ತಗಾಗಿತ್ತು.

ಹುಟ್ಟಿನಿಂದ ಅವರು ಹೀಗಿರಲಿಲ್ಲ. ಹೊಸದುರ್ಗದಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ತಾಲ್ಲೂಕಿನ ಎಷ್ಟೋ ಮದುವೆಗಳಲ್ಲಿ ತಾಳಿ ಕಟ್ಟುವ ಗಂಡು ಪುರೋಹಿತರ ಮಾತಿಗಿಂತ ಇವರ ಮಾತನ್ನೇ ಹೆಚ್ಚು ಕೇಳಿದ್ದಾನೆ. "ಹಂಗೇ ಹಿಡ್ಕಳ್ರಿ, ಕಟ್ಟಬ್ಯಾಡ್ರಿ, ಇತ್ಲಾಗ್ ನೋಡ್ರಿ" ಎಂದು ಮುಹೂರ್ತವನ್ನೇ ತಡೆದು ನಿಲ್ಲಿಸಿದ ಮನುಷ್ಯ ಅವರು. ಹೆಣ್ಣಿಗೆ ಯಾವಾಗಲೂ "ಗದ್ದ ಸ್ವಲ್ಪ ಮೇಲಕ್ಕೆ ತಾಯಿ" ಅನ್ನುತ್ತಿದ್ದರು. ಆ ಕಡೆಯ ಹಳೆಯ ಮನೆಗಳಿಗೆ ಹೋಗಿ ಗೋಡೆ ನೋಡಿ. ಮದುವಣಗಿತ್ತಿಯರೆಲ್ಲ ಸೂರಿನ ಹೆಂಚು ಲೆಕ್ಕ ಹಾಕುತ್ತಿರುವಂತೆ ಕಾಣುತ್ತಾರೆ.

ಸ್ಟುಡಿಯೋದಲ್ಲಿ ಹಿನ್ನೆಲೆಗೆ ಒಂದು ಪರದೆ ಇತ್ತು. ಯಾವ ದೇಶದ್ದೋ ಕಾಡು, ಒಂದು ಜಲಪಾತ, ಮರಗಳ ತುಂಬ ಕೆಂಪು ಕಂದು ಬಣ್ಣದ ಎಲೆಗಳು. ಒಂದು ದಿನ ಬಾಗೂರಿನಿಂದ ಒಂದು ಮನೆಯವರೆಲ್ಲ ಫೋಟೋ ತೆಗೆಸಿಕೊಳ್ಳಲು ಬಂದರು. ನಡುವೆ ಕುರ್ಚಿಯಲ್ಲಿ ರುಮಾಲು ಸುತ್ತಿದ ಅಜ್ಜ, ಸುತ್ತ ಮಕ್ಕಳು ಮೊಮ್ಮಕ್ಕಳು. ಭಾವ ಕ್ಲಿಕ್ ಮಾಡಿದರು. ಫ್ಲ್ಯಾಶ್ ಬಿದ್ದದ್ದೇ ತಡ, ಪರದೆಯ ಮೇಲಿದ್ದ ಎಲೆಗಳಲ್ಲಿ ಒಂದು ಎಲೆ ಪರದೆ ಬಿಟ್ಟು ಎದ್ದಿತು. ಎದ್ದು, ಒಳಗಿನಿಂದ ಕಿತ್ತಳೆ ಬಣ್ಣದ ಇನ್ನೊಂದು ಜೊತೆ ರೆಕ್ಕೆ ಬಿಚ್ಚಿ, ಅಜ್ಜನ ರುಮಾಲಿಗೆ ಒಂದು ಸುತ್ತು ಹಾಕಿ, ಬಾಗಿಲಿನಿಂದ ಹೊರಗೆ ಹೋಯಿತು.

ಎಲ್ಲರೂ ಬಾಗಿಲಿನ ಕಡೆ ಕತ್ತು ತಿರುಗಿಸಿದರು. ಕೊನೆಗೆ ಅಜ್ಜನೇ ಪರದೆಯನ್ನು ತಿರುಗಿ ನೋಡಿ ಹೇಳಿದನಂತೆ: "ಪರದೆ ಹಳೇದಾತು ಕಣಪ್ಪ. ಎಲೆ ಉದುರ್ತಾವೆ."

ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಅಜ್ಜನ ಭುಜದ ಪಕ್ಕದಲ್ಲಿ ಹುಳ ಇತ್ತು. ಬಣ್ಣ ಬಳಿದ ಎಲೆಗಳ ನಡುವೆ ಇನ್ನೊಂದು ಎಲೆಯಾಗಿ, ನಡುವೆ ನರದಂಥ ಗೆರೆ ಸಮೇತ, ಕೂತಿತ್ತು. ಇಷ್ಟು ಜನರನ್ನು ನಿಲ್ಲಿಸಿ, ಕೂರಿಸಿ, ಗದ್ದ ಎತ್ತಿಸಿದ ತಮ್ಮ ಕಣ್ಣಿಗೇ ಮಣ್ಣೆರಚಿ ಕೂತ ಒಂದು ಹುಳ. ಅವತ್ತಿನಿಂದ ಭಾವನವರಿಗೆ ಮನುಷ್ಯರ ಮುಖ ಸಪ್ಪೆಯಾಯಿತು. "ಮನುಷ್ಯ ಎಲ್ಲಿ ಕುಂತ್ರೂ ಕಾಣ್ತಾನೆ. ಅದರಾಗೇನೈತೆ?" ಅನ್ನತೊಡಗಿದರು. ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂದು, ಸ್ಟುಡಿಯೋಗೆ ಬರುವವರೂ ಕಡಿಮೆಯಾಗಿದ್ದರು. ಬಾಗಿಲು ಹಾಕಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟರು.

ಫೋಟೋ ತೆಗೆದವರು ತೋರಿಸದೆ ಬಿಡುತ್ತಾರೆಯೇ? ಯುಗಾದಿಗೆ ನಾವೆಲ್ಲ ಅಕ್ಕನ ಮನೆಯಲ್ಲಿ ಸೇರಿದಾಗ ಹೋಳಿಗೆ ಊಟ ಆದ ತಕ್ಷಣ ಟಿವಿಗೆ ವೈರು ಚುಚ್ಚಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ಮೊದಲನೆಯ ಚಿತ್ರ ಬಂತು. ಬೇವಿನ ಮರದ ತೊಗಟೆ.

"ಎಲ್ಲೈತೆ ಹೇಳ್ರಿ ನೋಡಾಣ."

ನಾವೆಲ್ಲ ನೋಡಿದೆವು. ಎರಡನೆಯದು ಹೊಂಗೆಯ ತೊಗಟೆ. ಮೂರನೆಯದರಲ್ಲಿ ಬದಲಾವಣೆಗೆಂದು ನೆಲದ ಮೇಲೆ ತರಗೆಲೆ. ಹೋಳಿಗೆ ತಿಂದ ಹೊಟ್ಟೆ, ಮಧ್ಯಾಹ್ನದ ಬಿಸಿಲು, ಮುಂದೆ ತೊಗಟೆ. ನಮ್ಮ ಯಜಮಾನರು ಆಕಳಿಸಿ, "ಅಣ್ಣ, ಹುಳ ಇಲ್ದಿರೋ ಫೋಟೋ ಒಂದ್ ತೋರಿಸ್ರಿ. ವ್ಯತ್ಯಾಸ ಏನೈತೆ ತಿಳ್ಕಳಾಣ" ಎಂದರು. ಭಾವ ಗಂಭೀರವಾಗಿ ಯೋಚಿಸಿ, "ಅಂಥದ್ದು ತೆಗ್ದಿಲ್ಲಪ್ಪ. ಬರೀ ಮರದ ಫೋಟೋ ಯಾರು ನೋಡ್ತಾರೆ?" ಎಂದರು.

ಹೊಳಲ್ಕೆರೆಯಲ್ಲಿ ನಮ್ಮ ದೊಡ್ಡಮ್ಮನ ಮಗ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಎಲ್ಲರೂ ಗೋಡೆ ಗಡಿಯಾರ ತಂದರೆ ಭಾವ ಬಾಗಿಲಿನಗಲ ಒಂದು ಫೋಟೋ ಕಟ್ಟು ಹಾಕಿಸಿ ತಂದರು. ಹುಣಸೆ ಮರದ ಮೇಲೆ ಪತಂಗ. ಮನೆಯವರಿಗೆ ಹುಣಸೆ ಮರ ಕಂಡಿತು. ಹೊಸ ಮನೆಗೆ ಹುಣಸೆ ಮರವನ್ನು ಯಾರು ತರುತ್ತಾರೆ? ಅದರಲ್ಲಿ ದೆವ್ವ ಇರುತ್ತದಲ್ಲ. ಆದರೂ ನಂಟಸ್ತಿಕೆಯ ಮಾತು, ಗೋಡೆಗೆ ತೂಗುಹಾಕಿದರು. ಮುಂದೊಂದು ಸಲ ಭಾವ ಅಲ್ಲಿಗೆ ಹೋದವರು ಬಾಗಿಲಲ್ಲೇ ನಿಂತು, "ಉಲ್ಟಾ ಹಾಕೀಯಲ್ಲೋ" ಎಂದರು.

"ತೊಗಟೆಗೆ ಮೇಲೆ ಕೆಳಗೆ ಅಂತ ಐತೇನು ಭಾವ?"

"ಹುಳಕ್ಕೈತೆ. ಪಾಪ, ಇಷ್ಟು ದಿನದಿಂದ ತಲೆ ಕೆಳಗಾಗಿ ಕುಂತೈತೆ."

ಸ್ಟೂಲು ತರಿಸಿ, ಫೋಟೋ ತಿರುಗಿಸಿ ಹಾಕಿ, ಆಮೇಲೆ ಕಾಫಿ ಕುಡಿದರು.

ಎಲ್ಲ ಪತಂಗಗಳ ಮೇಲೂ ಅವರಿಗೆ ಪ್ರೀತಿಯೇ. ಆದರೆ ಪರದೆಯಿಂದ ಎದ್ದು ಹೋದ ಆ ಎಲೆಯಂಥ ಪತಂಗದ ಮೇಲೆ ಮಾತ್ರ ಮಮಕಾರ. ಮುಂದಿನ ರೆಕ್ಕೆ ಥೇಟ್ ಒಣ ಎಲೆ. ಮಡಿಸಿಕೊಂಡು ಕೂತರೆ ಗಾಳಿಗೆ ಬಂದು ಸಿಕ್ಕಿಕೊಂಡ ತರಗೆಲೆಯೇ. ಹಿಂದಿನ ರೆಕ್ಕೆ ಕಿತ್ತಳೆ ಬಣ್ಣ, ಅದರಲ್ಲಿ ಕಪ್ಪು ಮಚ್ಚೆ. ಯಾರಾದರೂ ಮೈಮೇಲೆ ಬಂದರೆ ಮಾತ್ರ ಅದನ್ನು ಫಕ್ಕನೆ ತೋರಿಸುತ್ತದೆ. ಹಿಡಿಯಲು ಬಂದ ಹಕ್ಕಿ ಬೆಚ್ಚಿಬೀಳುವಷ್ಟರಲ್ಲಿ ಇನ್ನೆಲ್ಲೋ ಹೋಗಿ ಮತ್ತೆ ಎಲೆಯಾಗಿರುತ್ತದೆ. ಇದರ ಮರಿಹುಳ ತಿನ್ನುವುದು ಅಮೃತಬಳ್ಳಿಯಂಥ ಒಂದೆರಡು ಬಳ್ಳಿಗಳ ಎಲೆಯನ್ನು ಮಾತ್ರ. ಹಾಗಂತ ಗೊತ್ತಾದ ಮೇಲೆ ಭಾವ ಮನೆಯ ಕಾಂಪೌಂಡಿಗೆಲ್ಲ ಅಮೃತಬಳ್ಳಿ ಹಬ್ಬಿಸಿದರು.

ಅಮೃತಬಳ್ಳಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಊರಿಗೆಲ್ಲ ನಂಬಿಕೆ. ಪಕ್ಕದ ಮನೆಯಾಕೆ ಬಂದು, "ನಮ್ಮೆಜಮಾನ್ರಿಗೆ ಶುಗರ್ ಐತ್ರಿ, ನಾಕು ಎಲೆ ಕಿತ್ಕಳ್ಳೇನ್ರಿ?" ಎಂದರು.

"ನಿಮ್ಮ ಯಜಮಾನ್ರು ಊಟ ಕಡಿಮೆ ಮಾಡಿದ್ರೆ ಬದುಕ್ತಾರೆ. ಇವು ಊಟ ಕಡಿಮೆ ಮಾಡಿದ್ರೆ ಸಾಯ್ತಾವೆ," ಎಂದರು ಭಾವ.

ಆಕೆ ಬಿಡುವವರಲ್ಲ. ಭಾವ ಇಲ್ಲದ ಹೊತ್ತು ನೋಡಿ ಬಳ್ಳಿಯೊಳಗೆ ಕೈ ಹಾಕಿದರು. ಈ ಮರಿಹುಳದ ಮೈಮೇಲೆ ಕಣ್ಣಿನಂಥ ದೊಡ್ಡ ಮಚ್ಚೆಗಳಿವೆ. ಹೆದರಿದರೆ ತಲೆ ಒಳಗೆ ಮುದುಡಿ, ಮೈ ಬಿಲ್ಲಿನಂತೆ ಬಗ್ಗಿಸಿ, ಆ ಸುಳ್ಳು ಕಣ್ಣುಗಳನ್ನೇ ಮುಂದೆ ಮಾಡುತ್ತದೆ. ಹಾಗೆಯೇ ಮಾಡಿತು. ಬಳ್ಳಿಯಲ್ಲಿ ನಾಗರ ಮರಿ ಇದೆ ಎಂದು ಬೀದಿಗೆಲ್ಲ ಸುದ್ದಿಯಾಯಿತು. ಮಾರನೆಯ ದಿನ ಬಳ್ಳಿಯ ಬುಡದಲ್ಲಿ ಯಾರೋ ಒಂದು ಬಟ್ಟಲು ಹಾಲು ಇಟ್ಟಿದ್ದರು. ಅಕ್ಕ ಹೊರಗೆ ಬಂದು ನೋಡಿದಳು. ಹಾಲು ಚೆನ್ನಾಗಿತ್ತು. ಒಳಗೆ ತಂದು ಕಾಯಿಸಿ ಕಾಫಿ ಮಾಡಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಹುಳಕ್ಕೆ ಇನ್ನೊಂದು ಗುಣ ಉಂಟು. ಬೇರೆ ಪತಂಗಗಳು ಹೂವಿನಲ್ಲಿ ಮೆತ್ತಗೆ ಬಾಯಿಯ ಕೊಳವೆ ಇಟ್ಟು ಜೇನು ಹೀರಿದರೆ, ಇದರ ಕೊಳವೆಯ ತುದಿ ಗಟ್ಟಿ, ಅದರಲ್ಲಿ ಗರಗಸದಂಥ ಹಲ್ಲು. ರಾತ್ರಿ ಹಣ್ಣಿನ ತೋಟಕ್ಕೆ ನುಗ್ಗಿ, ಸಿಪ್ಪೆಗೆ ತೂತು ಕೊರೆದು ರಸ ಕುಡಿಯುತ್ತದೆ. ದಾಳಿಂಬೆಯಂಥ ಗಟ್ಟಿ ಸಿಪ್ಪೆಯನ್ನೂ ಬಿಡುವುದಿಲ್ಲ. ತೂತು ಸೂಜಿಮೊನೆಯಷ್ಟು. ನಾಲ್ಕು ದಿನಕ್ಕೆ ಅದರ ಸುತ್ತ ಕೊಳೆತು ಹಣ್ಣು ಉದುರುತ್ತದೆ.

ನಮ್ಮ ಯಜಮಾನರದು ಜವನಗೊಂಡನಹಳ್ಳಿ ಹತ್ತಿರ ದಾಳಿಂಬೆ ತೋಟ. ನಾನು ಹಿರಿಯೂರಿನಲ್ಲಿ ಪಾಠ ಹೇಳಲು ಶಾಲೆಗೆ ಹೋಗುತ್ತೇನೆ, ಅವರು ತೋಟಕ್ಕೆ ಹೋಗುತ್ತಾರೆ. ಕೈಯಾರೆ ನೆಟ್ಟ ಗಿಡಗಳು ಮೊದಲ ಸಲ ಮೈತುಂಬ ಕಾಯಿ ಹಿಡಿದ ವರ್ಷ ಅದು. ಬಂದವರಿಗೆಲ್ಲ ಕೈ ಹಿಡಿದು ತೋರಿಸುತ್ತಿದ್ದರು. ಹಣ್ಣು ಕೆಂಪಾಗುವ ಹೊತ್ತಿಗೆ ಒಂದೊಂದಾಗಿ ಉದುರತೊಡಗಿದವು. ಅವರು ಕೊಳೆತ ಹಣ್ಣು ಕೈಲಿ ಹಿಡಿದು ಬದುವಿನ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಅಕ್ಕ ಭಾವ ನಮ್ಮಲ್ಲಿಗೆ ಬಂದರು. ಯಜಮಾನರು ಒಂದು ಹಣ್ಣನ್ನು ಭಾವನ ಮುಂದಿಟ್ಟು, "ಅಣ್ಣ, ಇದ್ಯಾವ ಹುಳದ ಕೆಲಸ?" ಎಂದು ಕೇಳಿದರು.

ಭಾವ ತೂತನ್ನು ನೋಡಿದರು. ಅವರ ಮುಖ ಅರಳಿತು. ಅರಳಬಾರದಿತ್ತು. "ನಮ್ದೇ ಇದು," ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೀಲಿಂಗ್ ನೋಡಿದಳು.

"ನಿಮ್ದೇ ಅಂದ್ರೆ? ನಿಮ್ಮ ಕಾಂಪೌಂಡಿನಾಗೆ ಸಾಕ್ತೀರಲ್ಲ, ಅದಾ?"

"ಅದೇ ಜಾತಿ."

"ಅಂದ್ರೆ ನೀವು ಸಾಕಿದ್ದು ಬಂದು ನನ್ನ ತೋಟ ತಿಂತೈತೆ."

ಇಲ್ಲಿ ಭಾವ "ಎಲ್ಲಿಯ ಹೊಸದುರ್ಗ, ಎಲ್ಲಿಯ ಜವನಗೊಂಡನಹಳ್ಳಿ" ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹುಳಕ್ಕೆ ಅವಮಾನವಾಗುವ ಮಾತು ಅವರ ಬಾಯಲ್ಲಿ ಬರಬೇಕಲ್ಲ. "ಬಂದ್ರೂ ಬಂದೀತು," ಎಂದರು ಹೆಮ್ಮೆಯಿಂದ. "ರೆಕ್ಕೆ ಬಲ ಬಾಳ ಐತೆ ಅದಕ್ಕೆ. ಇದೇನು ದೂರ ಅಲ್ಲ."

ಆಮೇಲೆ ಷಡ್ಡಕರಿಬ್ಬರಿಗೂ ಮಾತು ನಿಂತಿತು. ಒಂದು ಮದುವೆಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು, ಬಡಿಸುವವನ ಜೊತೆಗೂ ಬಾಯಿ ಬಿಡದೆ ಊಟಕ್ಕೆ ಕೂತರು. "ಇವರಿಗೆ ಪಲ್ಯ ಬೇಕಂತೆ" ಎಂದು ನಾನು ಈ ಕಡೆಯಿಂದ ಹೇಳುವುದು, "ಇವರಿಗೆ ಸಾಕಂತೆ" ಎಂದು ಅಕ್ಕ ಆ ಕಡೆಯಿಂದ ಹೇಳುವುದು. ಬಡಿಸುವವನು ನಮ್ಮಿಬ್ಬರನ್ನೂ ನೋಡಿ ಪಲ್ಯದ ಬಕೆಟ್ಟನ್ನೇ ಅಲ್ಲಿಟ್ಟು ಹೋದ.

ಯಜಮಾನರಿಗೆ ಯಾರೋ ಹೇಳಿದರು: ಹುಳ ಹುಟ್ಟುವುದು ಬೇಲಿಯ ಬಳ್ಳಿಯಲ್ಲಿ, ಬೇಲಿಗೆ ಬೆಂಕಿ ಹಾಕಿದರೆ ಹುಳವೂ ಇರುವುದಿಲ್ಲ. ಅದೂ ನಿಜವೇ. ಅವರು ಸೀಮೆಎಣ್ಣೆ ಹುಡುಕುತ್ತಿದ್ದುದನ್ನು ನಾನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಭಾವ ಬಂದಿಳಿದರು. ಕೈಯಲ್ಲಿ ಒಂದು ಬಟ್ಟೆ ಚೀಲ, ಮುಚ್ಚಳಕ್ಕೆ ತೂತು ಹೊಡೆದ ದೊಡ್ಡದೊಂದು ಚಕ್ಕುಲಿ ಡಬ್ಬ.

"ಬೇಲಿ ಸುಡೋಕೆ ಮುಂಚೆ ನಂಗೊಂದು ವಾರ ಕೊಡಪ್ಪ," ಎಂದರು ನೆಲ ನೋಡುತ್ತ. "ಹಣ್ಣಿಗೆ ಕವರ್ ಕಟ್ಟು. ಕಟ್ಟಿದ್ರೆ ಮುಟ್ಟಲ್ಲ. ಕಟ್ಟೋ ತಂಕ ಇರೋ ಹುಳ ನಾನು ಹಿಡಿತೀನಿ. ರಾತ್ರಿ ಅವು ನಿನ್ನ ತೋಟದಾಗೆ ಇರ್ತಾವೆ, ಹಗಲು ಇಲ್ಲೇ ಬೇಲಿಯಾಗೆ ಮಲಗಿರ್ತಾವೆ. ಬೇರೆ ಯಾರ ಕಣ್ಣಿಗೂ ಕಾಣಲ್ಲ."

ಆ ಕೊನೆಯ ಮಾತನ್ನು ಜಂಬದಿಂದ ಹೇಳಲಿಲ್ಲ. ಇದ್ದದ್ದೂ ಹಾಗೆಯೇ.

ಕೂಲಿಗೆ ಬಂದ ಹೆಂಗಸರು ಹಣ್ಣಿಗೆ ಕವರ್ ಕಟ್ಟುತ್ತಿದ್ದರೆ, ಭಾವ ಬೇಲಿಯುದ್ದಕ್ಕೂ ಹೆಜ್ಜೆ ಹೆಜ್ಜೆಗೆ ನಿಂತು, ಒಣ ಎಲೆಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಎತ್ತಿ ಡಬ್ಬಕ್ಕೆ ಹಾಕುತ್ತಿದ್ದರು. ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬಾಕೆ ನನ್ನ ಹತ್ತಿರ ಬಂದು ಮೆಲ್ಲಗೆ, "ಯಾವಾಗಿಂದ ಹಿಂಗಾಗೈತವ್ವ? ಮತ್ತೋಡಿನ ಕಡೆ ಒಬ್ರು ತಾಯತ ಕಟ್ತಾರೆ" ಎಂದಳು.

ಹಿಡಿದದ್ದನ್ನು ಕೊಲ್ಲುವ ಮಾತೇ ಇಲ್ಲ. ಡಬ್ಬ ತುಂಬಿದಾಗ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಬಿಟ್ಟು ಬರುತ್ತಿದ್ದರು. ಕಂಡಕ್ಟರ್ ಕೇಳಿದನಂತೆ, "ಡಬ್ಬದಾಗೇನ್ರಿ ಯಜಮಾನ್ರೇ, ಪಟಪಟ ಅಂತೈತೆ?"

"ಹುಳ."

"ಬದುಕ್ಯಾವಾ?"

"ಬದುಕ್ಯಾವೆ."

ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, "ತೊಡೆ ಮ್ಯಾಲೆ ಕುಂದ್ರಿಸ್ಕಳ್ರಿ. ಸೀಟಿಗೆ ಬಿಡಬ್ಯಾಡ್ರಿ" ಎಂದು ಮುಂದೆ ಹೋದನಂತೆ.

"ಅಷ್ಟು ದೂರ ಬಿಟ್ರೂ ವಾಪಸ್ ಬರ್ತಾವೆ, ನೀವೇ ಹೇಳಿದ್ರಲ್ಲ ರೆಕ್ಕೆ ಬಲ ಅಂತ," ಎಂದರು ನಮ್ಮ ಯಜಮಾನರು. ಮಾತು ನಿಂತ ಮೇಲೆ ಅವರು ಆಡಿದ ಮೊದಲನೆಯ ಮಾತು ಅದು.

"ಬರಲ್ಲ. ಜೋಗಿಮಟ್ಟಿ ಗಾಳಿ ಕುಡಿದ ಮ್ಯಾಲೆ ಹಿರಿಯೂರು ಬಿಸಿಲಿಗೆ ಯಾರಪ್ಪ ಬರ್ತಾರೆ?"

ಆ ವಾರದಲ್ಲಿ ಒಂದು ದಿನ ಮಧ್ಯಾಹ್ನ, ಊಟಕ್ಕೆ ಕರೆಯಲು ಹೋದ ಯಜಮಾನರು ಭಾವನ ಪಕ್ಕ ನಿಂತು ಸುಮ್ಮನೆ ಬೇಲಿ ನೋಡುತ್ತಿದ್ದರಂತೆ. ಒಣ ಎಲೆಗಳ ನಡುವೆ ಒಂದು ಎಲೆಗೆ ಇದ್ದಕ್ಕಿದ್ದಂತೆ ಕಾಲು ಕಾಣಿಸಿದವು. ಆಮೇಲೆ ಮೀಸೆ. ಆಮೇಲೆ ಕಣ್ಣು. ಮನೆಗೆ ಬಂದು ಮುದ್ದೆ ಮುರಿಯುತ್ತ ಅವರು ಹೇಳಿದ್ದು ಇಷ್ಟೇ: "ಕಾಣ್ತು." ಹುಳ ಹಣ್ಣು ತಿಂದ ಸಿಟ್ಟು ಹೋಗಿರಲಿಲ್ಲ. ಆದರೆ ಕೈ ತೊಳೆದವರು ಮತ್ತೆ ಬೇಲಿಯ ಹತ್ತಿರ ಹೋದರು. ಒಂದು ಸಲ ಕಂಡವರಿಗೆ ಅದು ಮತ್ತೆ ಕಾಣದೆ ಹೋಗುವುದಿಲ್ಲ ಎಂದು ಭಾವ ಹೇಳುತ್ತಿದ್ದರು.

ಉಳಿದ ಬೆಳೆ ಉಳಿಯಿತು. ಕವರಿನಿಂದ ಉಳಿಯಿತು ಎಂದು ಯಜಮಾನರು, ಹುಳ ಹಿಡಿದದ್ದರಿಂದ ಉಳಿಯಿತು ಎಂದು ಭಾವ, ಇವತ್ತಿಗೂ ವಾದ ಮಾಡುತ್ತಾರೆ. ಬೇಲಿ ಮಾತ್ರ ಸುಡಲಿಲ್ಲ. ಪ್ರತಿವರ್ಷ ಕವರ್ ಕಟ್ಟುವ ಹೊತ್ತಿಗೆ ಭಾವ ಬಂದು ಕೆಲವು ದಿನ ಇರುವುದು ರೂಢಿಯಾಯಿತು.

ಈ ವರ್ಷವೂ ಬಂದರು. ಬರುವುದಕ್ಕೆ ಮುಂಚೆ ಅಕ್ಕ ನನಗೆ ಫೋನ್ ಮಾಡಿದ್ದಳು. ಭಾವನ ಕಣ್ಣಿನ ನರ ಸೊರಗಿದೆಯಂತೆ. ಚಿತ್ರದುರ್ಗದಲ್ಲಿ ಡಾಕ್ಟರಿಗೆ ತೋರಿಸಿದ್ದಾರೆ. ಹೋದದ್ದು ಬರುವುದಿಲ್ಲ, ಇರುವಷ್ಟನ್ನು ಉಳಿಸಿಕೊಳ್ಳಬೇಕು ಅಂದರಂತೆ. "ಮನೇಲಿ ಯಾರಿಗೂ ಹೇಳಬ್ಯಾಡ ಅಂದಾರೆ ಕಣೆ. ಬಾಗಿಲು ತಡವಿಕೊಂಡು ಹೋಗ್ತಾರೆ, ಕೇಳಿದ್ರೆ ಚಿಲಕ ಸರಿಯಿಲ್ಲ ಅಂತಾರೆ," ಎಂದಳು ಅಕ್ಕ. ನಾನು ನಮ್ಮ ಯಜಮಾನರಿಗೆ ಮಾತ್ರ ಹೇಳಿದೆ.

ಬೆಳಗ್ಗೆ ನಾವು ಮೂವರೂ ತೋಟಕ್ಕೆ ಹೋದೆವು. ಭಾವ ಎಂದಿನಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೇಲಿಯುದ್ದಕ್ಕೂ ನಡೆದರು. ಬಾಗಿ ನೋಡುವುದು, ಮುಂದೆ ಹೋಗುವುದು. ಬಹಳ ಹೊತ್ತು ಏನೂ ಸಿಗಲಿಲ್ಲ. ಅವರ ಪಕ್ಕದಲ್ಲೇ ಬಳ್ಳಿಯ ಮೇಲೆ ಒಂದು ಪತಂಗ ಕೂತಿತ್ತು, ನನಗೇ ಕಂಡಿತು. ಅವರು ಅದನ್ನು ದಾಟಿ ಹೋದರು. ಯಜಮಾನರು ನನ್ನ ಕಡೆ ತಿರುಗಿ, ಸುಮ್ಮನಿರು ಎಂಬಂತೆ ಕಣ್ಣಲ್ಲೇ ಹೇಳಿದರು.

ಇನ್ನಷ್ಟು ದೂರ ಹೋಗಿ ಭಾವ ನಿಂತರು. ಮುಖ ಹತ್ತಿರ ತಂದರು, ಇನ್ನೂ ಹತ್ತಿರ ತಂದರು. ಬೆನ್ನ ಹಿಂದಿನಿಂದ ಒಂದು ಕೈ ಬಿಚ್ಚಿ ಬೆರಳು ತೋರಿಸಿದರು.

"ನೋಡಪ್ಪ. ಎಂಥ ಅಂದ ಐತೆ."

ಯಜಮಾನರು ಹೋಗಿ ಪಕ್ಕದಲ್ಲಿ ನಿಂತರು. ನಾನೂ ಇಣುಕಿದೆ. ಅದು ಎಲೆ. ಹೊಂಗೆ ಮರದಿಂದ ಉದುರಿ ಮುಳ್ಳಿಗೆ ಸಿಕ್ಕಿಕೊಂಡ ಬರೀ ಒಣ ಎಲೆ. ತುದಿಯಲ್ಲಿ ತೊಟ್ಟು ಕೂಡ ಇತ್ತು.

ನಮ್ಮ ಯಜಮಾನರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಅದನ್ನು ಬಹಳ ಹೊತ್ತು ನೋಡಿದರು.

"ಹೌದಣ್ಣ," ಎಂದರು. "ಈ ವರ್ಷ ಇಷ್ಟು ದೊಡ್ಡದು ನೋಡೇ ಇರ್ಲಿಲ್ಲ. ಇರ್ಲಿ, ಹಿಡಿಯಾದು ಬ್ಯಾಡ. ಮಲಗೈತೆ."

ಆಮೇಲೆ ಭಾವನ ಮೊಣಕೈ ಹಿಡಿದು, "ಮೆಲ್ಲಗೆ ಬರ್ರಿ, ಎದ್ದೀತು" ಎಂದು ಪಿಸುಗುಟ್ಟಿ, ನಮ್ಮನ್ನೆಲ್ಲ ತುದಿಗಾಲಲ್ಲಿ ಅಲ್ಲಿಂದ ನಡೆಸಿಕೊಂಡು ಬಂದರು.